ಅಡುಗೆಮನೆಗೆ ನುಗ್ಗಿದ ಬೆಂಚು

ಸರ್ಕಾರಿ ಅಧಿಕಾರಿಯ ಮೇಲೆ ಕೇಸು ಹಾಕಲು ಏನೇನು ಬೇಕು ಎಂದು ಯಾರನ್ನಾದರೂ ಕೇಳಿ ನೋಡಿ. ವಕೀಲರು ಬೇಕು, ಧೈರ್ಯ ಬೇಕು, ಬಿಡುವು ಬೇಕು, ತಲೆ ಸ್ವಲ್ಪ ಕೆಟ್ಟಿರಬೇಕು ಎನ್ನುತ್ತಾರೆ. ಇವೆಲ್ಲ ನಮ್ಮ ಬೀದಿಯ ಜೆರಾಕ್ಸಪ್ಪನ ಬಳಿ ಧಾರಾಳವಾಗಿದ್ದವು, ಕೊನೆಯದಂತೂ ಇಡೀ ಬೀದಿಗೆ ಹಂಚಿ ಮಿಗುವಷ್ಟಿತ್ತು. ಇಲ್ಲದಿದ್ದದ್ದು ಒಂದೇ. ಪಾಪ, ಅವನಿಗೆ ಯಾವ ತೊಂದರೆಯೂ ಆಗಿರಲಿಲ್ಲ.

ಜೆರಾಕ್ಸಪ್ಪ ಎಂಬುದು ಹೆತ್ತವರು ಇಟ್ಟ ಹೆಸರಲ್ಲ. ಕೋರ್ಟಿನ ಗೇಟಿನ ಎದುರು ಅವನದೊಂದು ಜೆರಾಕ್ಸ್ ಅಂಗಡಿ. ವಕೀಲರ ಅರ್ಜಿ, ಆಕ್ಷೇಪಣೆ, ತೀರ್ಪು ಎಲ್ಲವೂ ಅವನ ಯಂತ್ರದ ಹೊಟ್ಟೆಗೆ ಹೋಗಿಯೇ ಹೊರಗೆ ಬರಬೇಕು. ಯಂತ್ರ ಬಿಸಿಯಾಗುವ ತನಕ ಅವನು ಅವನ್ನು ಓದುತ್ತಿದ್ದ. ಹೀಗೆ ಓದಿ ಓದಿ, ಕಾನೂನು ತನ್ನ ಯಂತ್ರಕ್ಕೆ ಬಂದಿದೆಯೋ ತನಗೆ ಬಂದಿದೆಯೋ ಎಂಬ ವ್ಯತ್ಯಾಸ ಅವನಿಗೆ ಅಳಿಸಿಹೋಗಿತ್ತು. ಬೀದಿಯಲ್ಲಿ ಎರಡು ಬೆಕ್ಕು ಜಗಳವಾಡಿದರೂ "ಇದರಲ್ಲಿ ತಡೆಯಾಜ್ಞೆ ತರಬಹುದು" ಎನ್ನುತ್ತಿದ್ದ. ನಾವೂ ಹೌದು ಹೌದು ಎನ್ನುತ್ತಿದ್ದೆವು. ನೆರೆಯವರ ಧರ್ಮ ಅದು.

ಅವನ ಮನೆಯಲ್ಲಿ ಹೆಂಡತಿ, ಹೆಂಡತಿಯ ತಂದೆ, ಅವನು, ಹೀಗೆ ಮೂವರು. ಮಾವ ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರಾಗಿದ್ದು ನಿವೃತ್ತರಾದವರು. ಬಸ್ಸು ಅವರನ್ನು ಇಳಿಸಿತ್ತು, ಅವರು ಬಸ್ಸಿನಿಂದ ಇಳಿದಿರಲಿಲ್ಲ. ಬೆಳಗ್ಗೆ ತಿಂಡಿ ಮುಗಿಸಿ ಬೀದಿ ತುದಿಯ ಬಸ್‌ಸ್ಟಾಪಿನ ಕಲ್ಲುಬೆಂಚಿನ ಮೇಲೆ ಹೋಗಿ ಕೂತರೆ, ಊಟಕ್ಕೆ ಒಮ್ಮೆ ಎದ್ದು ಬಂದು, ದೀಪ ಹತ್ತುವ ಹೊತ್ತಿಗೆ ಮನೆ ಸೇರುವರು. ಕೊರಳಲ್ಲಿ ಹಳೆಯ ಹಿತ್ತಾಳೆಯ ಸೀಟಿ. ಒಂದು ಸಲ ಊದಿದರೆ ನಿಲ್ಲು, ಎರಡು ಸಲ ಊದಿದರೆ ಹೊರಡು. ಹಾದುಹೋಗುವ ಡ್ರೈವರುಗಳೆಲ್ಲ ಪರಿಚಯದವರು, ಗೌರವಕ್ಕೆಂದು ತಮ್ಮ ಕಂಡಕ್ಟರನ್ನು ಬಿಟ್ಟು ಈ ಮುದುಕರ ಸೀಟಿಗೇ ಬಸ್ಸು ಹೊರಡಿಸುತ್ತಿದ್ದರು. ಮಾವ ಮನೆಯಲ್ಲಿದ್ದಾರೆ ಎಂಬುದು ಜೆರಾಕ್ಸಪ್ಪನಿಗೆ ತಟ್ಟೆ ಹಾಕುವಾಗ ಮಾತ್ರ ತಿಳಿಯುತ್ತಿತ್ತು. ಅಳಿಯ ಮಾವಂದಿರ ನಡುವೆ ಅದಕ್ಕಿಂತ ಒಳ್ಳೆಯ ಸಂಬಂಧ ಇನ್ನೇನಿದೆ?

ಹೀಗಿರುವಾಗ ನಗರಸಭೆಗೆ ಹೊಸ ಅಧಿಕಾರಿ ಬಂದರು. ಒಂದು ದಿನ ಜೀಪಿನಿಂದ ಇಳಿದು ಬಸ್‌ಸ್ಟಾಪನ್ನು ನೋಡಿ, "ಇಲ್ಲಿ ಜನ ಕೂತಿದ್ದಾರಲ್ರೀ!" ಎಂದು ಬೆಚ್ಚಿಬಿದ್ದರು. ಆ ವಾರವೇ ಆಳುಗಳು ಬಂದು ಬೆಂಚು ಕಿತ್ತುಕೊಂಡು ಹೋದರು. ಬೆಂಚಿದ್ದ ಜಾಗದಲ್ಲಿ ಒಂದು ಬೋರ್ಡು ನೆಟ್ಟರು: "ಇಲ್ಲಿ ಕುಳಿತುಕೊಳ್ಳಬಾರದು." ಕೂರುವುದಕ್ಕೆ ಅಲ್ಲಿ ಏನೂ ಇಲ್ಲದಿದ್ದರಿಂದ ಆ ಆಜ್ಞೆಯನ್ನು ಇಡೀ ಊರು ಚಾಚೂ ತಪ್ಪದೆ ಪಾಲಿಸಿತು.

ಆ ಸಂಜೆ ಕಟಿಂಗ್ ಶಾಪಿನಲ್ಲಿ ಇದೇ ಮಾತು. ಜೆರಾಕ್ಸಪ್ಪ ಮುಖದ ತುಂಬ ಸೋಪಿನ ನೊರೆ ಹಚ್ಚಿಸಿಕೊಂಡು ಕೂತಿದ್ದ. ನೊರೆಯೊಳಗಿಂದಲೇ ಗುಡುಗಿದ. "ಆ ಅಧಿಕಾರೀನ ಕೋರ್ಟಿಗೆ ಎಳೀತೀನಿ. ಕಟಕಟೆಯಲ್ಲಿ ನಿಲ್ಲಿಸ್ತೀನಿ. ಬೆಂಚು ಕಿತ್ತೋರಿಗೆ ನಿಲ್ಲೋ ಕಷ್ಟ ಏನು ಅಂತ ಗೊತ್ತಾಗ್ಲಿ!"

"ಕೇಸ್ ಹಾಕಿ ನೋಡೋಣ," ಎಂದ ಕ್ಷೌರಿಕ, ಕತ್ತಿ ಮಸೆಯುತ್ತ.

ಮೂಲೆಯಲ್ಲಿ ಹಳೆಯ ಪತ್ರಿಕೆ ಓದುತ್ತಿದ್ದ ಮಾವ ತಲೆ ಎತ್ತಲಿಲ್ಲ. "ನಮ್ಮ ಅಳಿಯಂದ್ರು ಬಸ್ಸು ಬರೋಕೆ ಮುಂಚೆನೇ ಕಿಟಕಿ ಸೀಟು ಕೇಳೋರು" ಎಂದರು.

ಅಂಗಡಿಯೆಲ್ಲ ನಕ್ಕಿತು. ಗಂಡಸಿನ ಜೀವನದಲ್ಲಿ ಎಷ್ಟೋ ಮಹತ್ಕಾರ್ಯಗಳು ಮಾವನ ಮುಂದೆ ಮೂಗು ಕೊಯ್ಯಿಸಿಕೊಳ್ಳಬಾರದೆಂಬ ಒಂದೇ ಕಾರಣಕ್ಕೆ ನಡೆದಿವೆ. ಜೆರಾಕ್ಸಪ್ಪ ನೊರೆ ಮುಖದಲ್ಲೇ ಎದ್ದು ಹೋದ.

ಅರ್ಜಿಯನ್ನು ತಾನೇ ತಯಾರಿಸಿದ. ಬರೆದ ಎನ್ನುವಂತಿಲ್ಲ. ಬರೆಯುವುದು ಅವನ ಕಸುಬಲ್ಲ. ಹಿಂದೆ ಯಾರೋ ಚರಂಡಿಯ ವಿಚಾರದಲ್ಲಿ ಇದೇ ನಗರಸಭೆಯ ಮೇಲೆ ಗೆದ್ದಿದ್ದ ಅರ್ಜಿಯ ಒಂದು ಪ್ರತಿ ಅಂಗಡಿಯಲ್ಲಿತ್ತು. ಗೆದ್ದ ಅರ್ಜಿ ಎಂದರೆ ಗೆಲ್ಲುವ ಅರ್ಜಿ ಎಂಬುದು ಅವನ ಸಿದ್ಧಾಂತ. 'ಚರಂಡಿ' ಎಂದಿದ್ದ ಕಡೆಯೆಲ್ಲ ಬಿಳಿ ಬಣ್ಣ ಬಳಿದು, ಅದರ ಮೇಲೆ ಮುತ್ತಿನಂಥ ಅಕ್ಷರದಲ್ಲಿ 'ಬೆಂಚು' ಎಂದು ಬರೆದು, ಯಂತ್ರಕ್ಕೆ ಹಾಕಿದ. ಬಂದ ಪ್ರತಿಯನ್ನು ನೋಡಿ ಅವನ ಕಣ್ಣಲ್ಲಿ ನೀರೇ ಬಂತು. ಅಷ್ಟು ಸ್ವಚ್ಛವಾಗಿತ್ತು. ಓದಿ ನೋಡಬೇಕೆಂದು ಮಾತ್ರ ಹೊಳೆಯಲಿಲ್ಲ.

ಮೊದಲ ದಿನದ ವಿಚಾರಣೆಗೆ ನಾವು ಬೀದಿಯವರೆಲ್ಲ ಹೋಗಿ ಹಿಂದಿನ ಸಾಲಿನಲ್ಲಿ ಕೂತೆವು. ನ್ಯಾಯಾಧೀಶರು ವಯಸ್ಸಾದವರು, ಕನ್ನಡಕವನ್ನು ಹಣೆಯ ಮೇಲೆ ಏರಿಸಿಕೊಂಡು ಅರ್ಜಿ ನೋಡುತ್ತಿದ್ದರು. ಓದುತ್ತ ಓದುತ್ತ ಕನ್ನಡಕವನ್ನು ಕಣ್ಣಿಗೆ ಇಳಿಸಿದರು.

"ಅರ್ಜಿದಾರರೇ, 'ಸದರಿ ಬೆಂಚು ತುಂಬಿ ಹರಿದು ಅರ್ಜಿದಾರರ ಅಡುಗೆಮನೆಗೆ ನುಗ್ಗಿರುತ್ತದೆ' ಅಂತ ಇದೆಯಲ್ಲ ಇಲ್ಲಿ."

"ಹೌದು ಸ್ವಾಮಿ," ಎಂದ ಜೆರಾಕ್ಸಪ್ಪ. ನ್ಯಾಯಾಧೀಶರು ಏನು ಹೇಳಿದರೂ ಹೌದು ಎನ್ನಬೇಕೆಂದು ಅವನು ಮೊದಲೇ ನಿಶ್ಚಯಿಸಿಕೊಂಡಿದ್ದ.

"ಕಲ್ಲಿನ ಬೆಂಚು?"

"ಅಪ್ಪಟ ಕಲ್ಲು ಸ್ವಾಮಿ."

"'ಅದರ ದುರ್ವಾಸನೆಯಿಂದ ಮನೆಯವರಿಗೆ ಊಟ ಸೇರುತ್ತಿಲ್ಲ.'"

"...ಹೌದು ಸ್ವಾಮಿ."

"'ಬೆಂಚಿನಲ್ಲಿ ಸೊಳ್ಳೆಗಳು ಮೊಟ್ಟೆಯಿಡುತ್ತಿವೆ.'"

ಈ ಸಲ ಜೆರಾಕ್ಸಪ್ಪನ ಬಾಯಿಂದ ಹೌದು ಹೊರಡಲಿಲ್ಲ. ಸರ್ಕಾರಿ ವಕೀಲರು ಎದ್ದರು. ತರುಣರು, ಚೂಪು ಮೂಗು, ಅದಕ್ಕಿಂತ ಚೂಪು ನಾಲಿಗೆ.

"ಅರ್ಜಿದಾರರು ಆ ಬೆಂಚಿನ ಮೇಲೆ ಯಾವತ್ತಾದ್ರೂ ಕೂತಿದ್ದಾರಾ, ಕೇಳಿ ಸ್ವಾಮಿ."

"ಇಲ್ಲ," ಎಂದ ಜೆರಾಕ್ಸಪ್ಪ ಹೆಮ್ಮೆಯಿಂದ. "ಅಲ್ಲಿ ನಮ್ಮ ಮಾವ ಕೂತಿರ್ತಾರೆ."

"ಬಸ್ಸಲ್ಲಿ ಓಡಾಡ್ತೀರಾ?"

"ನನಗೆ ಸೈಕಲ್ ಇದೆ."

"ಬೆಂಚು ಹೋಗಿದ್ರಿಂದ ನಿಮಗೆ ಏನಾದ್ರೂ ತೊಂದರೆ ಆಗಿದೆಯಾ?"

ಜೆರಾಕ್ಸಪ್ಪ ಪ್ರಾಮಾಣಿಕ. ಯೋಚಿಸಿ ಹೇಳಿದ: "ಸೈಕಲ್ ತಿರುಗಿಸೋಕೆ ಮೊದಲಿಗಿಂತ ಜಾಗ ಆಗಿದೆ."

ಹಿಂದಿನ ಸಾಲಿನಲ್ಲಿ ನಾವು ತಲೆ ತಗ್ಗಿಸಿದೆವು. ನ್ಯಾಯಾಧೀಶರು ನಗಲಿಲ್ಲ, ಅದು ಅವರ ದೊಡ್ಡತನ. "ನೋಡಿ, ಊರಿಗೆ ಅನ್ಯಾಯ ಆದಾಗ ಸಿಟ್ಟು ಬರೋದು ಒಳ್ಳೇದೇ. ಆದ್ರೆ ಸಿಟ್ಟು ಬಂದೋರೆಲ್ಲ ಅಧಿಕಾರಿಗಳ ಮೇಲೆ ಕೇಸ್ ಹಾಕ್ತಾ ಹೋದ್ರೆ ನಾನು ಮನೆಗೆ ಹೋಗೋದು ಯಾವಾಗ? ಇದರಿಂದ ನಿಮಗೇ, ಖುದ್ದು ನಿಮಗೇ, ಏನು ತೊಂದರೆ ಆಗಿದೆ ತೋರಿಸಿ. ಮುಂದಿನ ಸಲ ತೋರಿಸದಿದ್ರೆ ಅರ್ಜಿ ವಜಾ."

ಹೊರಗೆ ಬಂದಾಗ ವಕೀಲಮ್ಮ ಒಬ್ಬರು ಜೆರಾಕ್ಸಪ್ಪನನ್ನು ತಡೆದರು. ಅವನ ಅಂಗಡಿಯ ಹಳೆಯ ಗಿರಾಕಿ, ಕಣ್ಣೀರು ಬರುವಷ್ಟು ನಕ್ಕು ಸೆರಗಿನಿಂದ ಒರೆಸಿಕೊಳ್ಳುತ್ತಿದ್ದರು.

"ಏನಪ್ಪಾ, ಇಷ್ಟು ವರ್ಷ ನಮ್ಮ ಅರ್ಜಿಗಳನ್ನೆಲ್ಲ ಓದಿದ್ದೀಯ, ಇಷ್ಟೂ ತಿಳಿಲಿಲ್ವಾ? ಮೂರು ವಿಷಯ ಬೇಕು. ಗಾಯ ನಿನ್ನದಾಗಿರಬೇಕು, ಏಟು ಆ ಅಧಿಕಾರಿದಾಗಿರಬೇಕು, ಮುಲಾಮು ಕೋರ್ಟಿನ ಹತ್ತಿರ ಇರಬೇಕು. ಏಟು ಇದೆ, ಮುಲಾಮು ಇದೆ. ಗಾಯ ಎಲ್ಲಿ? ಹೋಗಿ ಗಾಯ ತಗೊಂಡ್ ಬಾ, ನಿನ್ನ ಕೇಸು ನಾನು ನಡೆಸ್ತೀನಿ."

ಅಂದಿನಿಂದ ಜೆರಾಕ್ಸಪ್ಪ ಗಾಯ ಹುಡುಕತೊಡಗಿದ.

ಮೊದಲಿಗೆ, ಅಂಗಡಿ ಮುಚ್ಚಿ ಬಂದವನೇ ಬಸ್‌ಸ್ಟಾಪಿನಲ್ಲಿ ನಿಲ್ಲತೊಡಗಿದ. ನಿಂತು ನಿಂತು ಕಾಲು ನೋಯಬೇಕು, ಸಾಧ್ಯವಾದರೆ ತಲೆ ಸುತ್ತಿ ಬೀಳಬೇಕು ಎಂಬುದು ಯೋಜನೆ. ಆದರೆ ಅವನಿಗೆ ಮಾತು ಬೇಕು, ಸ್ಟಾಪಿನಲ್ಲಿ ಮಾತಿಗೆ ಜನ. ಹೊತ್ತು ಹೋದದ್ದೇ ತಿಳಿಯುತ್ತಿರಲಿಲ್ಲ. ಬೀಳುವ ಹಾಗಾಗಿದೆ ಎಂದು ತೋರಿಸಲು ಒಮ್ಮೆ ಸ್ವಲ್ಪ ವಾಲಿದ. ಯಾರೋ ಪುಣ್ಯಾತ್ಮ ಸ್ಕೂಟರ್ ನಿಲ್ಲಿಸಿ, ಬೇಡ ಬೇಡ ಎಂದರೂ ಹಿಂದೆ ಕೂರಿಸಿಕೊಂಡು ಮನೆ ಬಾಗಿಲಲ್ಲಿ ಇಳಿಸಿ ಹೋದ. ಡಾಕ್ಟರ ಬಳಿ ಹೋಗಿ ಕಾಲು ತೋರಿಸಿ, "ಏನಾದ್ರೂ ಕೆಟ್ಟಿದೆಯಾ?" ಎಂದು ಆಸೆಯಿಂದ ಕೇಳಿದ. "ರಕ್ತಸಂಚಾರ ಮೊದಲಿಗಿಂತ ಚೆನ್ನಾಗಿದೆಯಲ್ಲ! ಏನು ಮಾಡ್ತಿದ್ದೀರಿ?" ಎಂದರು. "ನಿಂತ್ಕೊಳ್ತಿದ್ದೀನಿ" ಎಂದ. "ಬಿಡಬೇಡಿ, ಹೀಗೇ ನಿಂತ್ಕೊಳ್ಳಿ" ಎಂದರು.

ಬೀದಿಗೆ ಸುದ್ದಿ ಹಬ್ಬಿತು. ನಮ್ಮ ಬೀದಿಯವರು ಸಾಲ ಕೊಡುವುದರಲ್ಲಿ ಬಿಗಿ, ಕಾಯಿಲೆ ಕೊಡುವುದರಲ್ಲಿ ಧಾರಾಳಿಗಳು. ಟೈಲರನ ತಾಯಿ ಅಂಗಡಿಗೇ ಬಂದು, ಸೀರೆ ಸ್ವಲ್ಪ ಮೇಲೆತ್ತಿ ಊದಿದ ಮಂಡಿ ತೋರಿಸಿದರು. "ಬಸ್ಸಿಗೆ ಕಾಯೋವಾಗ ಪ್ರಾಣ ಹೋಗುತ್ತೆ ಕಣಪ್ಪಾ. ಇದನ್ನ ನಿಂದು ಅಂತ ಬರ್ಕೋ." ಕ್ಷೌರಿಕ ತನ್ನ ಬೆನ್ನುನೋವನ್ನು ಕೊಡಲು ಬಂದ.

"ಹಾಗಾದ್ರೆ ನೀವೇ ಕೇಸ್ ಹಾಕಬಾರದಾ?" ಎಂದು ಜೆರಾಕ್ಸಪ್ಪ ಕೇಳಿದ.

"ಅಯ್ಯೋ, ಅಂಗಡಿ ಲೈಸೆನ್ಸಿಗೆ ನಾನು ಅದೇ ಅಧಿಕಾರಿ ಮುಂದೆ ಕೈಕಟ್ಟಿ ನಿಲ್ಲಬೇಕಲ್ಲ!" ಎಂದು ಕ್ಷೌರಿಕ ಬೆನ್ನುನೋವನ್ನು ಅಲ್ಲೇ ಬಿಟ್ಟು ಓಡಿದ. ಮಂಡಿಯ ತಾಯಿ, "ಕೋರ್ಟಿನ ಮೆಟ್ಟಿಲು ಹತ್ತೋಕೆ ಮಂಡಿ ಎಲ್ಲಿದೆ?" ಎಂದರು. ಗಾಯ ಇದ್ದವರಿಗೆ ಕೋರ್ಟು ಬೇಡ, ಕೋರ್ಟು ಬೇಕಾದವನಿಗೆ ಗಾಯ ಇಲ್ಲ. ಹಲ್ಲಿದ್ದವನಿಗೆ ಕಡಲೆ ಇಲ್ಲ ಎಂದು ಹಿರಿಯರು ಸುಮ್ಮನೆ ಹೇಳಿದ್ದಲ್ಲ.

ಇನ್ನು ಮಾವ. ಬೆಂಚು ಹೋದದ್ದು ನಿಜವಾಗಿ ಅವರದ್ದೇ. ಅವರನ್ನೂ ಕೇಳಿದ. ಮಾವ ಕೆಂಡವಾದರು. "ನಾನಾ? ಸರ್ಕಾರದ ಉಪ್ಪು ತಿಂದ ಬಾಯಿ ಇದು. ಅನ್ನ ಕೊಟ್ಟೋರ ಮೇಲೆ ಕೇಸ್ ಹಾಕೋದಾ? ಬಸ್ ಮೇಲೆ ಕಲ್ಲು ಹೊಡಿ ಅಂತೀರಾ?"

ಮಾತು ಅಲ್ಲಿಗೇ ಮುಗಿಯಿತು.

ಇಷ್ಟೆಲ್ಲ ಊರಲ್ಲಿ ನಡೆಯುವಾಗ ಮನೆಯೊಳಗೆ ಏನಾಗಿತ್ತೆಂದು ಹೇಳಬೇಕು. ಬೆಂಚು ಕಳೆದುಕೊಂಡ ಮಾವ ಮನೆಯಲ್ಲೇ ಕೂರತೊಡಗಿದ್ದರು. ನಡುಮನೆಯಲ್ಲಿ ಜೆರಾಕ್ಸಪ್ಪನದೊಂದು ಬೆತ್ತದ ಕುರ್ಚಿ. ಫ್ಯಾನಿನ ನೇರ ಕೆಳಗೆ, ಪತ್ರಿಕೆಗೆ ಬೆಳಕು ಬೀಳುವಂತೆ, ವರ್ಷಗಟ್ಟಲೆ ಪ್ರಯೋಗ ಮಾಡಿ ಇಟ್ಟಿದ್ದು. ಒಂದು ಸಂಜೆ ಅವನು ನೀರು ಕುಡಿಯಲು ಎದ್ದು ಬಂದು ನೋಡಿದರೆ ಮಾವ ಅದರಲ್ಲಿದ್ದರು.

"ಮಾವ, ಅದು..."

"ಎದ್ದರೆ ಸೀಟು ಹೋಯ್ತು ಅಳಿಯಂದ್ರೇ. ಕರ್ಚೀಫಾದ್ರೂ ಹಾಕಿ ಹೋಗಬೇಕಿತ್ತು."

ಮನೆ ಬಸ್ಸಾಯಿತು. ಬಚ್ಚಲ ಬಾಗಿಲಲ್ಲಿ ಯಾರಾದರೂ ಕಾದರೆ, "ಇಳಿಯೋರಿಗೆ ದಾರಿ ಬಿಡಿ, ಆಮೇಲೆ ಹತ್ತಿ" ಎನ್ನುವರು. ಜೆರಾಕ್ಸಪ್ಪ ಅಡುಗೆಮನೆಯ ಬಾಗಿಲಿಗೆ ಒರಗಿ ಹೆಂಡತಿಯೊಡನೆ ಎರಡು ಮಾತಾಡಿದರೆ, ಹಿಂದಿನಿಂದ ದನಿ ಬರುವುದು: "ಬಾಗಿಲಲ್ಲಿ ನೇತಾಡಬೇಡಿ! ಮುಂದೆ ಹೋಗಿ, ಒಳಗೆ ಜಾಗ ಇದೆ!" ಒಳಗೆ ಹೋದರೆ ಅವರೂ ಬಂದು ಒಲೆಯ ಪಕ್ಕದಲ್ಲಿ ನಿಂತು, ಕಾಫಿ ಯಾಕೆ ತಡ ಎಂದು ವಿಚಾರಣೆ ನಡೆಸುವರು. ಹೊರಗೆ ಹೊರಟರೆ "ಎಲ್ಲಿಗೆ?" ಎನ್ನುವರು. "ಇಲ್ಲೇ" ಎಂದರೆ "ಇಲ್ಲೇ ಅಂತ ಸ್ಟಾಪ್ ಇಲ್ಲ" ಎನ್ನುವರು. ಪತ್ರಿಕೆಯ ಒಳಹಾಳೆ ಅವರಿಗೆ, ಜಾಹೀರಾತಿನ ಹೊರಹಾಳೆ ಅಳಿಯನಿಗೆ. ಜೆರಾಕ್ಸಪ್ಪನ ದೂರದ ಸೋದರತ್ತೆ ಬಂದು ಮಾತಿಗೆ ಕೂತಾಗ ಮಾವ ಗೋಡೆ ಗಡಿಯಾರ ನೋಡಿ ಎರಡು ಸಲ ಸೀಟಿ ಊದಿದರು. ಅತ್ತೆ ಚಪ್ಪಲಿ ಅದಲುಬದಲು ಮೆಟ್ಟಿಕೊಂಡು ಹೋದವರು ಇವತ್ತಿನವರೆಗೆ ಬಂದಿಲ್ಲ.

ವಿಚಾರಣೆಯ ದಿನ ಹತ್ತಿರ ಬಂತು. ಕರೆದ ಹೊತ್ತಿಗಿಂತ ತಡವಾಗಿ ವಕೀಲಮ್ಮನ ಕಚೇರಿಗೆ ಓಡಿಬಂದ ಜೆರಾಕ್ಸಪ್ಪ, ಏದುಸಿರು ಬಿಡುತ್ತ ಕ್ಷಮೆ ಕೇಳಿದ. "ಬಚ್ಚಲಿಗೆ ಕ್ಯೂ ಇತ್ತು ಮೇಡಂ. ಕುರ್ಚಿ ಇಲ್ಲದೆ ನಿಂತೇ ತಿಂಡಿ ತಿಂದೆ. ಬೆಂಚು ಹೋದಾಗಿನಿಂದ ನಮ್ಮ ಮಾವ..." ಎಂದು ಎಲ್ಲ ಹೇಳಿದ. ಗಾಯ ಸಿಗಲಿಲ್ಲವೆಂದೂ ಕೊನೆಗೆ ಸೇರಿಸಿದ.

ವಕೀಲಮ್ಮ ಪೆನ್ನು ಕೆಳಗಿಟ್ಟು ಅವನನ್ನೇ ನೋಡಿದರು. "ಗಾಯ ಸಿಗಲಿಲ್ವಾ? ಅಯ್ಯೋ ಮಹರಾಯ, ಕೂಸನ್ನ ಕಂಕುಳಲ್ಲಿ ಇಟ್ಕೊಂಡು ಊರೆಲ್ಲ ಹುಡುಕಿದ ಹಾಗಾಯ್ತು! ನಿನ್ನ ಮಾವನೇ ನಿನ್ನ ಗಾಯ!"

ಜೆರಾಕ್ಸಪ್ಪನ ಮುಖ ದೀಪಾರತಿ ಎತ್ತಿದಂತೆ ಬೆಳಗಿತು. ಮರುಗಳಿಗೆಯೇ ಆರಿತು. "ಕೋರ್ಟಲ್ಲಿ ಹಾಗಂತ ಹೇಳಬೇಕಾ?"

"ಬಾಯಿಬಿಟ್ಟು, ಎಲ್ಲರ ಮುಂದೆ ಹೇಳಬೇಕು. ಹೇಳದಿದ್ರೆ ಅರ್ಜಿ ವಜಾ. ಬೆಂಚು ಮರೆತುಬಿಡು."

ಅವನು ಭಾರವಾದ ತಲೆ ಹೊತ್ತು ಮನೆಗೆ ಬಂದ. ಕುರ್ಚಿ ಖಾಲಿ ಇತ್ತು! ಬೇಗ ಬೇಗ ಕೂರಲು ಹೋದವನನ್ನು ಹೆಂಡತಿ ಅಡುಗೆಮನೆಯಿಂದ ಸನ್ನೆ ಮಾಡಿ ಕರೆದಳು.

"ಶ್... ಅಲ್ಲಿ ನೋಡಿ."

ಹಿಂದಿನ ಕೋಣೆಯ ಕಿಟಕಿಯ ಬಳಿ ಮಾವ ನಿಂತಿದ್ದರು. ಕಿಟಕಿಯಾಚೆ ಪಕ್ಕದ ಮನೆಯ ಗೋಡೆ. ಗಾರೆ ಕಿತ್ತ ಆ ಗೋಡೆ ಬಿಟ್ಟರೆ ಅಲ್ಲಿಂದ ಏನೂ ಕಾಣುವುದಿಲ್ಲ.

"ಬಸ್ಸಿನ ಹಾರ್ನ್ ಕೇಳಿದ್ರೆ ಸಾಕು, ಎದ್ದು ಹೋಗಿ ನಿಂತ್ಕೊಳ್ತಾರೆ ರೀ. ರಸ್ತೆ ಈ ಕಡೆ ಕಾಣಲ್ಲ ಅಂತ ಅವರಿಗೆ ಗೊತ್ತಿಲ್ವಾ?" ಎಂದಳು ಹೆಂಡತಿ. ಅಷ್ಟರಲ್ಲಿ ಬೀದಿ ತುದಿಯಲ್ಲಿ ಬಸ್ಸೊಂದು ನಿಂತ ಸದ್ದು. ಮಾವ ಸೀಟಿಯನ್ನು ತುಟಿಗಿಟ್ಟು, ಯಾರಿಗೂ ಕೇಳಬಾರದೆಂಬಂತೆ ಮೆಲ್ಲಗೆ ಎರಡು ಸಲ ಊದಿದರು. ಬಸ್ಸು ತನ್ನ ಪಾಡಿಗೆ ಹೋಯಿತು.

ಹಾಸ್ಯದ ಕಥೆ ಹೇಳಲು ಹೊರಟ ನನಗೆ ಇಲ್ಲಿ ಸ್ವಲ್ಪ ಕಷ್ಟವಾಗುತ್ತದೆ. ಜೆರಾಕ್ಸಪ್ಪನಂತೂ ಖಾಲಿ ಕುರ್ಚಿಯನ್ನು ಮರೆತೇಬಿಟ್ಟ. ಅಲ್ಲಿಯವರೆಗೆ ಅವನು ಹೋರಾಡಿದ್ದು ತನ್ನ ಮೀಸೆ ಮಣ್ಣಾಗದಿರಲೆಂದು. ಈಗ ಮೊದಲ ಸಲ ಅವನಿಗೆ ಆ ಬೆಂಚು ಬೇಕೆನಿಸಿತು, ಅದೂ ತನಗಲ್ಲ.

"ನೋಡಿ," ಎಂದಳು ಹೆಂಡತಿ, ಸೆರಗಿನಲ್ಲಿ ಮೂಗು ಒರೆಸಿಕೊಂಡು. "ಕೋರ್ಟಲ್ಲಿ ಏನು ಬೇಕಾದ್ರೂ ಹೇಳಿ. ನಮ್ಮಪ್ಪ ಮನೆಗೆ ಭಾರ ಅಂತ ಮಾತ್ರ ಅವರ ಮುಂದೆ ಹೇಳ್ಬೇಡಿ."

"ಹೇಳಲ್ಲ ಕಣೇ," ಎಂದ. ಹೇಳದಿದ್ದರೆ ಬೆಂಚಿಲ್ಲ, ಹೇಳಿದರೆ ಮಾವನಿಗೆ ಮುಖವಿಲ್ಲ. ಅತ್ತ ದರಿ, ಇತ್ತ ಪುಲಿ. ಆ ದಿನ ಅವನು ಜಾಹೀರಾತಿನ ಹಾಳೆಯನ್ನೇ ಮೂರು ಸಲ ಓದಿದ.

ವಿಚಾರಣೆಯ ದಿನ ಇಡೀ ಬೀದಿ ಬಸ್ಸಿನಲ್ಲಿ ಹೊರಟಿತು. ಮಾವ ತಾವೂ ಬರುವೆನೆಂದು ಹಟ ಹಿಡಿದು, ನಮ್ಮನ್ನೆಲ್ಲ ಬಸ್ಸಿಗೆ ತುಂಬಿ, "ಮುಂದೆ ಹೋಗಿ, ಒಳಗೆ ಜಾಗ ಇದೆ" ಎಂದು ಕೂಗಿ, ಸೀಟಿ ಊದಿಯೇ ಕರೆತಂದರು. ಬಹಳ ದಿನಗಳ ಮೇಲೆ ಅವರ ಮುಖದಲ್ಲಿ ಕಳೆ ಕಂಡಿತು.

ವಕೀಲಮ್ಮ ಎದ್ದು ಜೆರಾಕ್ಸಪ್ಪನನ್ನು ಕೇಳಿದರು. "ಬೆಂಚು ಹೋದ ಮೇಲೆ ನಿಮ್ಮ ಮಾವ ಎಲ್ಲಿ ಕೂರ್ತಾರೆ?"

"ಮನೆಯಲ್ಲಿ."

"ಯಾವ ಕುರ್ಚಿಯಲ್ಲಿ?"

"ಬೆತ್ತದ್ದು."

"ಅದು ಯಾರ ಕುರ್ಚಿ?"

ಜೆರಾಕ್ಸಪ್ಪ ಹಿಂದಿನ ಸಾಲು ನೋಡಿದ. ಅಲ್ಲಿ ಹೆಂಡತಿ, ಪಕ್ಕದಲ್ಲಿ ಮಾವ. "ಅವರದ್ದೇ," ಎಂದ.

ವಕೀಲಮ್ಮನಿಗೆ ಕೆಮ್ಮು ಬಂತು. "ಅವರು ಸದಾ ಮನೆಯಲ್ಲಿರೋದ್ರಿಂದ ನಿಮಗೆ ತೊಂದರೆ ಆಗಿದೆ, ಅಲ್ವಾ?"

"ತೊಂದರೆನಾ? ಮನೆ ತುಂಬಿದ ಹಾಗಿದೆ!"

"ಪತ್ರಿಕೆ?"

"ನನಗೆ ಜಾಹೀರಾತು ಅಂದ್ರೆ ಇಷ್ಟ."

"ಬಚ್ಚಲು?"

"ಶಿಸ್ತು ಬಂದಿದೆ ಸ್ವಾಮಿ, ಶಿಸ್ತು!" ಎಂದ ಜೆರಾಕ್ಸಪ್ಪ. ಸುಳ್ಳು ಸಾಕ್ಷಿ ಹೇಳುವವರನ್ನು ಆ ಕೋರ್ಟು ಬೇಕಾದಷ್ಟು ಕಂಡಿತ್ತು, ತನ್ನ ಕೇಸಿಗೆ ತಾನೇ ಕೊಳ್ಳಿಯಿಡಲು ಸುಳ್ಳು ಹೇಳಿದವನನ್ನು ಮಾತ್ರ ಅಂದೇ ಕಂಡದ್ದು.

ಸರ್ಕಾರಿ ವಕೀಲರು ಕೈ ಉಜ್ಜಿಕೊಂಡರು. "ಅರ್ಜಿದಾರರೇ ಒಪ್ಕೊಂಡಿದ್ದಾರೆ ಸ್ವಾಮಿ. ಗಾಯ ಇಲ್ಲ. ವಜಾ ಮಾಡಿ."

ನ್ಯಾಯಾಧೀಶರು ನಿಟ್ಟುಸಿರು ಬಿಟ್ಟು, ಪೆನ್ನು ಎತ್ತಿಕೊಂಡು ಬರೆಯಲು ಬಗ್ಗಿದರು.

ಆಗ ಸೀಟಿ ಕೇಳಿತು. ಒಂದೇ ಸಲ.

ಒಂದು ಸಲವೆಂದರೆ ನಿಲ್ಲು. ಎಲ್ಲವೂ ನಿಂತಿತು. ಸರ್ಕಾರಿ ವಕೀಲರ ನಗು ನಿಂತಿತು, ನ್ಯಾಯಾಧೀಶರ ಪೆನ್ನು ನಿಂತಿತು. ಹಿಂದಿನ ಸಾಲಿನಲ್ಲಿ ಮಾವ ಎದ್ದು ನಿಂತಿದ್ದರು.

"ಯಾರ್ರೀ ಅದು, ಕೋರ್ಟಲ್ಲಿ ಸೀಟಿ ಊದೋದು?"

"ನಾನು ಸ್ವಾಮಿ, ಇವರಿಗೆ ಆಗಿರೋ ತೊಂದರೆ."

ಕೋರ್ಟಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಮಾವ ಜನರನ್ನು ಸರಿಸುತ್ತ ಮುಂದೆ ಬಂದರು. ಬಸ್ಸಿನಲ್ಲಿ ಹಾಗೆ ಸರಿಸಿ ಅಭ್ಯಾಸವಿತ್ತು, ಯಾರೂ ತಡೆಯಲಿಲ್ಲ.

"ನಮ್ಮ ಅಳಿಯಂದ್ರು ಸುಳ್ಳು ಹೇಳ್ತಿದ್ದಾರೆ ಸ್ವಾಮಿ. ಆ ಕುರ್ಚಿ ಅವರದ್ದು. ನಾನು ಕಿತ್ಕೊಂಡೆ. ಒಳಹಾಳೆ ನಾನು ಓದ್ತೀನಿ, ಅವರಿಗೆ ಸೋಪಿನ ಜಾಹೀರಾತು. ಗಂಡ ಹೆಂಡತಿ ಎರಡು ಮಾತಾಡೋಣ ಅಂತ ಅಡುಗೆಮನೆಗೆ ಹೋದ್ರೆ ಅಲ್ಲೂ ನಾನು. ಇವರ ಸೋದರತ್ತೇನ ಸೀಟಿ ಊದಿ ಕಳಿಸಿದ್ದೀನಿ. ಒಂದು ದಿನ ಒಂದು ಮಾತು ಅಂದಿಲ್ಲ ಈ ಮನುಷ್ಯ. ಅಂದಿದ್ರೆ ನನಗೂ ನಾಚಿಕೆ ಬಂದು ಕಮ್ಮಿ ಮಾಡ್ತಿದ್ದೆ."

"ನಿಮಗೂ ತೊಂದರೆ ಆಗಿದೆಯಲ್ಲ? ನೀವೇ ಯಾಕೆ ಅರ್ಜಿ ಹಾಕಲಿಲ್ಲ?" ಎಂದರು ನ್ಯಾಯಾಧೀಶರು.

"ಸರ್ಕಾರದ ಉಪ್ಪು ತಿಂದೋನು ಸ್ವಾಮಿ, ನಾನು ಹಾಕಬಾರದು." ಮಾವ ಸೀಟಿಯನ್ನು ಕೈಯಲ್ಲಿ ತಿರುಗಿಸಿದರು. "ಅಲ್ದೆ ನನಗೇನು ನಷ್ಟ? ಫ್ಯಾನಿದೆ, ಬೆತ್ತದ ಕುರ್ಚಿ ಇದೆ, ಬಿಸಿ ಕಾಫಿ ಇದೆ, ಬೈಯೋಕೆ ಇಂಥ ಅಳಿಯ ಇದ್ದಾರೆ. ಆ ಕಲ್ಲಿನ ಮೇಲೆ ಏನಿತ್ತು? ನನಗೆ ಲಾಭವೇ ಆಗಿದೆ."

ಹಿಂದಿನ ಕೋಣೆಯ ಕಿಟಕಿಯ ವಿಷಯ ಅವರು ಹೇಳಲಿಲ್ಲ. ಹೇಳದಿದ್ದರೂ ಮಗಳಿಗೆ ಗೊತ್ತಿತ್ತು. ಅವಳು ನಗುತ್ತಲೂ ಇದ್ದಳು, ಅಳುತ್ತಲೂ ಇದ್ದಳು.

ಸರ್ಕಾರಿ ವಕೀಲರು ಹಾರಿ ಎದ್ದರು. "ಸ್ವಾಮಿ, ಮಾವ ಮನೆಯಲ್ಲಿರೋದನ್ನ ಕಾನೂನು ತೊಂದರೆ ಅಂತ ಒಪ್ಪೋಕೆ ಸಾಧ್ಯನೇ ಇಲ್ಲ!"

ನ್ಯಾಯಾಧೀಶರು ಅವರನ್ನು ಬಹಳ ಹೊತ್ತು ನೋಡಿದರು. "ನಿಮಗೆ ಮದುವೆ ಆಗಿದೆಯಾ?"

"ಇನ್ನೂ ಇಲ್ಲ ಸ್ವಾಮಿ."

"ಕೂತ್ಕೊಳ್ಳಿ."

ಅವರು ಕೂತರು. ನ್ಯಾಯಾಧೀಶರು ಅರ್ಜಿಯನ್ನು ಮತ್ತೊಮ್ಮೆ ಕೈಗೆತ್ತಿಕೊಂಡರು.

"ಅಧಿಕಾರಿ ಬೆಂಚು ತೆಗೆಸಿದ್ರು. ಬೆಂಚಿನ ಮೇಲಿದ್ದೋರು ಮನೆಗೆ ಬಂದ್ರು. ಅರ್ಜಿದಾರರ ಕುರ್ಚಿ, ಪತ್ರಿಕೆ, ನೆಮ್ಮದಿ ಎಲ್ಲ ಹೋಯ್ತು. ಬೆಂಚು ವಾಪಸ್ ಇಟ್ರೆ ವಾಪಸ್ ಬರುತ್ತೆ. ಇನ್ನೇನು ಬೇಕು? ಕೇಸು ನಡೀಬಹುದು. ಇನ್ನೊಂದು ಮಾತು. ಬೆಂಚು ತುಂಬಿ ಹರಿದು ಅಡುಗೆಮನೆಗೆ ನುಗ್ಗಿದೆ ಅಂತ ಇವರು ಬರೆದಾಗ ನಾವೆಲ್ಲ ಒಳಗೊಳಗೇ ನಕ್ಕಿದ್ವಿ. ಅದರಲ್ಲಿ ಒಂದಕ್ಷರ ಸುಳ್ಳಿಲ್ಲ."

ಬೆಂಚು ಯಾಕೆ ತೆಗೆಸಿದಿರೆಂದು ಮುಂದಿನ ಸಲ ಅಧಿಕಾರಿ ಖುದ್ದು ಬಂದು, ಕಟಕಟೆಯಲ್ಲಿ ನಿಂತು ಹೇಳಬೇಕೆಂದು ಆಜ್ಞೆಯಾಯಿತು. ಮಾವನಿಗೆ ಕೋರ್ಟಿನಲ್ಲಿ ಸೀಟಿ ಊದಿದ್ದಕ್ಕೆ ಛೀಮಾರಿಯೂ ಆಯಿತು. ಅವರು ಅದನ್ನು ತಲೆಬಾಗಿ ಸ್ವೀಕರಿಸಿದರು.

ಅಧಿಕಾರಿಗೆ ನಿಲ್ಲುವ ಅಭ್ಯಾಸವಿರಲಿಲ್ಲ. ವಿಚಾರಣೆಗೆ ಮುಂಚೆಯೇ ಲಾರಿಯಲ್ಲಿ ಬೆಂಚು ಬಂದು, ಇದ್ದ ಜಾಗದಲ್ಲೇ ಕೂತಿತು. ಬೋರ್ಡು ಕೀಳಲು ಬೇರೆ ಆದೇಶ ಬೇಕಂತೆ. ಹಾಗಾಗಿ ಈಗ ಬೆಂಚಿನ ಪಕ್ಕದಲ್ಲೇ "ಇಲ್ಲಿ ಕುಳಿತುಕೊಳ್ಳಬಾರದು" ಎಂದಿದೆ, ಮಾವ ಅದಕ್ಕೆ ಛತ್ರಿ ನೇತುಹಾಕುತ್ತಾರೆ.

ಕೊನೆಯ ದಿನ ನ್ಯಾಯಾಧೀಶರು ಕೇಳಿದರು. "ಬೆಂಚು ಬಂತಲ್ಲ. ನಿಮ್ಮ ತೊಂದರೆ ತೀರಿತಾ?"

"ತೀರಿತು ಸ್ವಾಮಿ. ಕುರ್ಚಿ ಸಿಕ್ಕಿತು, ಪೇಪರ್ ಪೂರ್ತಿ ಸಿಕ್ಕಿತು." ಜೆರಾಕ್ಸಪ್ಪ ತಲೆ ಕೆರೆದುಕೊಂಡ. "ಆದ್ರೆ ಸಂಜೆ ಹೊತ್ತು ಮನೆ ಬಿಕೋ ಅನ್ನುತ್ತೆ. ಎಲ್ಲಿಗೆ ಅಂತ ಕೇಳೋರೇ ಇಲ್ಲ. ಈ ಹೊಸ ತೊಂದರೆಗೆ ಯಾರ ಮೇಲೆ ಕೇಸ್ ಹಾಕಬೇಕು ಸ್ವಾಮಿ?"

ವಕೀಲಮ್ಮ ಅವನ ತೋಳು ಹಿಡಿದು ಎಳೆದುಕೊಂಡು ಹೊರಬಂದರು. "ಎಲ್ಲದಕ್ಕೂ ಕೋರ್ಟಿಗೆ ಬರಬಾರದು ಕಣಪ್ಪಾ. ಬೀದಿ ತುದಿಗೆ ಹೋದ್ರೆ ಸಾಕು."

ಅಂದು ಸಂಜೆ ಜೆರಾಕ್ಸಪ್ಪ ಪತ್ರಿಕೆಯನ್ನು ಕಂಕುಳಲ್ಲಿಟ್ಟುಕೊಂಡು, ಬೇರೆಲ್ಲಿಗೋ ಹೋಗುವವನಂತೆ ಬಸ್‌ಸ್ಟಾಪಿನ ಮುಂದೆ ನಡೆದ. ಸೀಟಿ ಒಂದು ಸಲ ಕೇಳಿತು. ನಿಂತ.

"ಎಲ್ಲಿಗೆ?"

"ಎಲ್ಲಿಗೂ ಇಲ್ಲ ಮಾವ."

ಮಾವ ಅವನನ್ನೂ ಅವನ ಪತ್ರಿಕೆಯನ್ನೂ ನೋಡಿದರು. ಬೆಂಚಿನ ಒಂದು ತುದಿಗೆ ಸರಿದು, ಪಕ್ಕದ ಕಲ್ಲನ್ನು ಕರ್ಚೀಫಿನಿಂದ ಒರೆಸಿದರು. "ಮತ್ತೆ ದಾರೀಲಿ ಯಾಕೆ ನಿಂತಿದ್ದೀರಿ? ಬನ್ನಿ, ಒಳಗೆ ಜಾಗ ಇದೆ."

ಜೆರಾಕ್ಸಪ್ಪ ಕೂತ. ಅಷ್ಟೆಲ್ಲ ಹೋರಾಡಿದ ಬೆಂಚಿನ ಮೇಲೆ ಅವನು ಕೂತದ್ದು ಅದೇ ಮೊದಲು. ಕಲ್ಲು ಬಿಸಿಲಿಗೆ ಕಾದು ಇನ್ನೂ ಬೆಚ್ಚಗಿತ್ತು. ಮಾವ ಅವನ ಕಂಕುಳಿಂದ ಪತ್ರಿಕೆ ಎಳೆದುಕೊಂಡು, ಬಿಡಿಸಿ, ಒಳಹಾಳೆಯನ್ನು ಅವನ ಕೈಗಿತ್ತರು. ಜಾಹೀರಾತಿನ ಹಾಳೆಯನ್ನು ತಾವು ಇಟ್ಟುಕೊಂಡರು. ಅಷ್ಟರಲ್ಲಿ ಬಸ್ಸು ಬಂದು ನಿಂತು, ಇಳಿಯುವವರು ಇಳಿದು, ಹತ್ತುವವರು ಹತ್ತಿದರು. ಮಾವ ಸೋಪಿನ ಜಾಹೀರಾತಿನಿಂದ ತಲೆ ಎತ್ತಿ, ಗಟ್ಟಿಯಾಗಿ ಎರಡು ಸಲ ಊದಿದರು. ಬಸ್ಸು ಹೊರಟಿತು.